ಅರ್ಧ ಸಫಾಯಿ

ನಿನ್ನೆ ಬೆಳಿಗ್ಗೆ ನನ್ನ ಮೊಮ್ಮಗ ಕೆಲಸಕ್ಕೆ ಹೊರಟು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ. ಗದ್ದದ ಮೇಲೆ ಜೋಳ ಕೊಯ್ದ ಹೊಲದ ಹಾಗೆ ಕೂಳೆ ನಿಂತಿತ್ತು. ಹುಡುಗ ಸಾಲಿ ಮಾಸ್ತರ, ಮೊನ್ನೆ ಮೊನ್ನೆ ನೌಕರಿ ಸಿಕ್ಕಿದೆ. ನನಗೆ ಸುಮ್ಮನಿರಲಾಗಲಿಲ್ಲ. “ತಮ್ಮಾ, ಗಡ್ಡ ತಗಸಿಕೊಂಡು ಹೋಗಬಾರದೇನೋ?” ಅಂದೆ. “ಮುತ್ಯಾ, ಅಲ್ಲಿ ನನ್ನ ಕೆಲಸ ನೋಡ್ತಾರೋ, ನನ್ನ ಗದ್ದ ನೋಡ್ತಾರೋ?” ಎಂದು ಕೇಳಿದವನು ಉತ್ತರಕ್ಕೆ ಕಾಯದೆ ಸೈಕಲ್ ಹತ್ತಿ ಹೋಗಿಬಿಟ್ಟ.

ಕಾಯದೆ ಹೋದದ್ದೇ ಒಳ್ಳೆಯದಾಯಿತು. ನನ್ನ ಹತ್ತಿರ ಇದ್ದದ್ದು ಒಂದು ಫಜೀತಿಯ ಕಥೆ. ಅದನ್ನು ನೆನೆದರೆ ಈ ವಯಸ್ಸಿನಲ್ಲೂ ಎದೆ ಡವಡವ ಅನ್ನುತ್ತದೆ, ಮರುಗಳಿಗೆಗೆ ನಗು ಉಕ್ಕಿ ಬರುತ್ತದೆ. ಅವನಂತೂ ಕೇಳಲಿಲ್ಲ, ನೀವಾದರೂ ಕೇಳಿ.

ನಾನು ಹೇಳುತ್ತಿರುವುದು ನಿಜಾಮರ ಕಾಲದ ಮಾತು. ಆಗ ಕಲಬುರಗಿಗೆ ಸರಕಾರದ ಕಾಗದದಲ್ಲೆಲ್ಲ ಗುಲ್ಬರ್ಗಾ ಎಂದೇ ಹೆಸರು, ಕಾಗದವೆಲ್ಲ ಉರ್ದುವಿನಲ್ಲಿ. ನಾನು ಶರಣಸಿರಸಗಿಯ ಒಕ್ಕಲುತನದ ಮನೆಯ ಹುಡುಗ, ಪೇಟೆಯ ಒಂದು ಸರಕಾರಿ ಕಚೇರಿಯಲ್ಲಿ ನಕಲುನವೀಸನಾಗಿ ಸೇರಿದ್ದೆ. ನಕಲುನವೀಸ ಅಂದರೆ ಒಂದು ಕಾಗದ ನೋಡಿ ಅದರಂಥದೇ ಇನ್ನೊಂದು ಕಾಗದ ಬರೆಯುವವ. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗೆ ಎಂದು ಎಲ್ಲರೂ ಹೊಗಳುತ್ತಿದ್ದರು. ಬರೆದದ್ದರ ಅರ್ಥ ಗೊತ್ತಿದೆಯೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ, ನಾನಾಗಿ ಹೇಳುವಷ್ಟು ಪೆದ್ದನೂ ಆಗಿರಲಿಲ್ಲ. ನಮ್ಮ ವಂಶದಲ್ಲಿ ಸರಕಾರಿ ನೌಕರಿ ಹಿಡಿದವನು ನಾನೇ ಮೊದಲು. ಶೇರವಾನಿ ತೊಟ್ಟು, ರುಮಾಲು ಸುತ್ತಿ ಊರ ಅಗಸಿ ಬಾಗಿಲು ದಾಟುವಾಗ ಎತ್ತುಗಳು ಕೂಡ ದಾರಿ ಬಿಡುತ್ತಿದ್ದವು ಎಂದು ನನ್ನ ಭ್ರಮೆ.

ಆ ಶೇರವಾನಿಯ ಪಾಡು ಕೇಳಬೇಡಿ. ಇದ್ದದ್ದು ಒಂದೇ. ಶುಕ್ರವಾರ ಜುಮ್ಮಾದ ರಜೆ, ಅಂದು ಅವ್ವ ಅದನ್ನು ಒಗೆದು ಬೇಲಿಯ ಮೇಲೆ ಹರವುತ್ತಿದ್ದಳು. ಮಳೆಗಾಲದಲ್ಲಿ ನಮ್ಮೂರಿನ ಎರೆಮಣ್ಣು ಕಾಲಿಗೆ ಹತ್ತಿತೆಂದರೆ ಸಾಲ ಕೊಟ್ಟವನೂ ಅಷ್ಟು ಗಟ್ಟಿಯಾಗಿ ಹಿಡಿಯಲಾರ. ಅದಕ್ಕೆ ಜೋಡನ್ನು ಕಂಕುಳಲ್ಲಿ ಇಟ್ಟುಕೊಂಡು ಬರಿಗಾಲಲ್ಲಿ ನಡೆದು, ಕೋಟೆಯ ಕಂದಕದ ಹತ್ತಿರ ಕಾಲು ತೊಳೆದು, ಜೋಡು ಮೆಟ್ಟಿ, ದೀಪದ ಕಾಡಿಗೆಗೆ ಹರಳೆಣ್ಣೆ ಬೆರೆಸಿದ ನಮ್ಮ ಮನೆಯ ಪಾಲಿಶನ್ನು ಧೋತರದ ಅಂಚಿನಿಂದ ತಿಕ್ಕಿ, ಆಮೇಲೆ ಸಾಹೇಬನ ನಡಿಗೆ ನಡೆಯುತ್ತಿದ್ದೆ. ಜೋಡು ಮಿಂಚುತ್ತಿತ್ತು, ಆದರೆ ಹರಳೆಣ್ಣೆಯ ವಾಸನೆಗೆ ಬೀದಿನಾಯಿಗಳು ಕಚೇರಿಯ ತನಕ ಬರುತ್ತಿದ್ದವು.

ಇಷ್ಟೆಲ್ಲ ಪರದಾಟ ಯಾಕೆಂದರೆ ನಮ್ಮ ಮೇಲಧಿಕಾರಿಗಳು ಅಂಥವರು. ಹೈದರಾಬಾದಿನಿಂದ ಬಂದಿದ್ದರು, ಎಲ್ಲರೂ ಅವರನ್ನು ಮೊಹತಮೀಮ್ ಸಾಹೇಬರು ಅನ್ನುತ್ತಿದ್ದೆವು. ಅವರ ಅತ್ತರು ಮೊದಲು ಒಳಗೆ ಬರುತ್ತಿತ್ತು, ಹಿಂದಿನಿಂದ ಅವರು ಬರುತ್ತಿದ್ದರು. ಹಾಲಿನಂಥ ಬಿಳಿ ಶೇರವಾನಿ, ಕತ್ತರಿಸಿ ತಿದ್ದಿದ ಮೀಸೆ, ಅಂಗೈಯಗಲದ ಒಂದು ಕನ್ನಡಿ ಸದಾ ಜೇಬಿನಲ್ಲಿ. ದಿನಾ ಬೆಳಿಗ್ಗೆ ನಮ್ಮ ಸಾಲಿನ ಮುಂದೆ ನಿಧಾನವಾಗಿ ನಡೆದು ಹೋಗುವರು. ಬೈಗುಳವಿಲ್ಲ, ಗದರಿಕೆಯಿಲ್ಲ, ಒಬ್ಬೊಬ್ಬರ ಮುಂದೆ ನಿಂತು ಒಂದೇ ಒಂದು ಮಾತು: “ಬಟನ್.” “ನಾಖೂನ್.” “ಜೂತಾ.” ಗುಂಡಿ, ಉಗುರು, ಜೋಡು, ಯಾವುದೂ ಅವರ ಕಣ್ಣು ತಪ್ಪುತ್ತಿರಲಿಲ್ಲ. ಆ ಒಂದು ಮಾತು ಬಿದ್ದವನ ಮಧ್ಯಾಹ್ನದ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನನಗೆ ಬೀಳುತ್ತಿದ್ದದ್ದು “ದಾಢಿ”, ಅಂದರೆ ಗಡ್ಡ, ಎಂಬ ಮಾತು. ಅವತ್ತೊಂದು ದಿನ ತೆಗೆಸಿರಲಿಲ್ಲ ಅಂದರೆ ಸಾಕು, ಅವರ ಕಣ್ಣು ಬಂದು ಅಲ್ಲಿಯೇ ಕೂಡುತ್ತಿತ್ತು.

ದಾಢಿ ತೆಗೆಸುವುದು ಅಷ್ಟು ಸಸಾರವೇ? ಸೋಮವಾರ ಶಿವನ ವಾರ, ಕತ್ತಿ ಮುಟ್ಟುವಂತಿಲ್ಲ. ಮಂಗಳವಾರ ಬೇಡವೇ ಬೇಡ. ಗುರುವಾರ ಗುರುವಿಗೆ ಬಿಟ್ಟದ್ದು, ಶುಕ್ರವಾರ ಲಕ್ಷ್ಮಿಗೆ. ಶನಿವಾರ ಶನಿ ಎಲ್ಲಿ ಹೆಗಲೇರುತ್ತಾನೋ ಎಂಬ ಅಂಜಿಕೆ. ಉಳಿದ ಎರಡು ವಾರಗಳಲ್ಲಿ ಅಮಾವಾಸ್ಯೆ ಬರಬಾರದು, ಹಬ್ಬ ಬರಬಾರದು, ಊರಲ್ಲಿ ಯಾರೂ ಸಾಯಬಾರದು. ಪುರುಸೊತ್ತಿರುವ ಒಂದೇ ಒಂದು ಶುಕ್ರವಾರ ಲಕ್ಷ್ಮಿ ಬಂದು ನನ್ನ ಗದ್ದದ ಮೇಲೆ ಕುಳಿತುಬಿಡುತ್ತಿದ್ದಳು. ದೇವರುಗಳಿಗೂ ಸಾಹೇಬರಿಗೂ ನಡುವೆ ನನ್ನ ಗದ್ದ ಸರಹದ್ದಿನ ಹೊಲದಂತೆ ಯಾವಾಗಲೂ ತಕರಾರಿನಲ್ಲಿಯೇ ಇರುತ್ತಿತ್ತು.

ಅದರ ಮೇಲೆ ಕತ್ತಿಯೆಂದರೆ ನನಗೆ ಹುಟ್ಟು ಭಯ. ಚಿಕ್ಕವನಿದ್ದಾಗ ಕ್ಷೌರ ಮಾಡುವ ಊರ ಹಡಪದ ಬೇವಿನ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ನನ್ನ ತಲೆಯನ್ನು ತನ್ನ ಮೊಣಕಾಲುಗಳ ನಡುವೆ ಸಿಕ್ಕಿಸಿಕೊಳ್ಳುತ್ತಿದ್ದ. ಅಲ್ಲಿಂದ ನನಗೆ ಕಾಣುತ್ತಿದ್ದ ಲೋಕ ಅಂದರೆ ನೆಲದ ಇರುವೆ ಮತ್ತು ಅವನ ಹೆಬ್ಬೆರಳಿನ ಉಗುರು. ಅಳಲು ಬಾಯಿ ತೆಗೆದರೆ ಅವ್ವ ಬೆಲ್ಲದ ಹೆಂಟೆ ತುರುಕುತ್ತಿದ್ದಳು. ಉದುರಿದ ಕೂದಲು ಬೆಲ್ಲಕ್ಕೆ ಮೆತ್ತಿಕೊಳ್ಳುತ್ತಿತ್ತು. ಉಗುಳಲು ಮನಸ್ಸಿಲ್ಲ, ನುಂಗಲು ಆಗದು. ಇವತ್ತಿಗೂ ಕ್ಷೌರದ ಅಂಗಡಿಯ ಮುಂದೆ ಹಾದರೆ ನನ್ನ ನಾಲಿಗೆಗೆ ಬೆಲ್ಲದ ರುಚಿ ಬರುತ್ತದೆ, ಜೊತೆಗೆ ಕೂದಲಿನದೂ. ಎಲ್ಲಿಗೋ ಹೊರಟವನು ಎಲ್ಲಿಗೋ ಬಂದೆ, ಮುದುಕರ ಮಾತು ಹೀಗೆಯೇ.

ನನ್ನ ಹೆಂಡತಿ ಚಂದಮ್ಮ ಕಮಲಾಪುರದವಳು. ಮದುವೆಯಾದ ಮೇಲೆ ಎರಡು ಸಲ ಬಸುರಾದಳು, ಎರಡು ಸಲವೂ ಹೊಟ್ಟೆ ನಿಲ್ಲಲಿಲ್ಲ. ಎರಡನೆಯ ಸಲದ ನಂತರ ಅವಳು ಎಷ್ಟೋ ದಿನ ಯಾರ ಜೊತೆಗೂ ಮಾತಾಡಲಿಲ್ಲ. ರೊಟ್ಟಿ ಬಡಿಯುವಳು, ನೀರು ತರುವಳು, ಗೋಡೆಯ ಕಡೆ ಮುಖ ಮಾಡಿ ಮಲಗುವಳು. ಮನೆಯಲ್ಲಿ ಅವಳ ಬಳೆಯ ಸದ್ದು ಮಾತ್ರ ಕೇಳುತ್ತಿತ್ತು. ನಾನು ಅಂಥ ಸಂಕಟವನ್ನು ಮೊದಲು ಕಂಡಿರಲಿಲ್ಲ.

ಮೂರನೆಯ ಸಲ ಅವಳು ಬಸುರಾದ ಸುದ್ದಿ ತಿಳಿದ ದಿನವೇ ಅವ್ವ ನನ್ನನ್ನು ದನದ ಕೊಟ್ಟಿಗೆಗೆ ಕರೆದುಕೊಂಡು ಹೋದಳು. “ನೋಡಪಾ, ಬಸುರಿ ಗಂಡ ಗಡ್ಡಕ್ಕ ಕತ್ತಿ ಹಚ್ಚಬಾರದು ಅಂತ ಹಿರಿಯಾರು ಸುಮ್ಕ ಹೇಳ್ಯಾರೇನು? ಹಿಂದಿನ ಎರಡೂ ಸಲ ಕಚೇರಿ, ಕಚೇರಿ ಅಂತ ಬೋಳಸಿಕೊಂಡಿ. ಈ ಸಲ ಕೂಸು ಕೈಗಿ ಬರೂತನಾ ಗಡ್ಡ ಮುಟ್ಟಬ್ಯಾಡ.” ನಾನು ಏನೋ ವಾದ ಹೂಡಲು ಬಾಯಿ ತೆಗೆದೆ. ಕೊಟ್ಟಿಗೆಯ ಬಾಗಿಲಲ್ಲಿ ಚಂದಮ್ಮ ನಿಂತು ನೋಡುತ್ತಿದ್ದಳು. ಆ ಮಾತನ್ನು ನಾನು ನಂಬಿದೆನೋ ಇಲ್ಲವೋ ಗೊತ್ತಿಲ್ಲ, ಆದರೆ ಅವಳ ಕಣ್ಣು ನೋಡಿದ ಮೇಲೆ ನಂಬದಿರುವ ಧೈರ್ಯ ನನಗೆ ಉಳಿಯಲಿಲ್ಲ. “ಆಯ್ತವ್ವ” ಅಂದೆ.

ಗಡ್ಡ ಬೆಳೆಯಿತು. ಮೊದಮೊದಲು ಸಾಹೇಬರು “ದಾಢಿ” ಅಂದರು. ಅದು ಇನ್ನೂ ಉದ್ದವಾದಾಗ ಸುಮ್ಮನಾದರು, ಕಣ್ಣು ಕಿರಿದು ಮಾಡಿ ನೋಡಿ ಮುಂದೆ ಹೋಗತೊಡಗಿದರು. ಅರೆಬರೆ ಕೂಳೆಯಾದರೆ ಹೊಲಸು, ಪೂರ್ತಿ ಗಡ್ಡವಾದರೆ ಧರ್ಮದ ವಿಷಯ. ಕೇಳುವುದು ಸರಿಯಲ್ಲ ಎಂದುಕೊಂಡಿರಬೇಕು. ನಾನು ಪಾರಾದೆ ಎಂದು ಹಿಗ್ಗಿದೆ.

ಪೇಟೆಯಲ್ಲಿ ಮಾತ್ರ ಬೇರೆಯೇ ಪೇಚು ಶುರುವಾಯಿತು. ಬೆಳಿಗ್ಗೆ ಹಣೆಗೆ ಹಚ್ಚಿದ ವಿಭೂತಿ ನಡೆದು ಬರುವಷ್ಟರಲ್ಲಿ ಬೆವರಿಗೆ ಅಳಿಸಿ ಹೋಗುತ್ತಿತ್ತು. ಶೇರವಾನಿಯ ಮೇಲೆ ಎದೆಯ ತನಕ ಕಪ್ಪು ಗಡ್ಡ! ಕೋಟೆಯ ಬಾಗಿಲಲ್ಲಿ ಹೋಗುವ ಬರುವವರೆಲ್ಲ “ಅಸ್ಸಲಾಮ್ ಅಲೈಕುಮ್” ಅನ್ನುವರು. ಅದೇ ಗಡ್ಡ ಹೊತ್ತು ಊರಿಗೆ ಬಂದರೆ ಪರಸ್ಥಳದ ಹೆಂಗಸರು ಯಾವುದೋ ಮಠದ ಅಯ್ಯನವರು ಎಂದು “ಶರಣು” ಅಂದು ಕಾಲು ಮುಟ್ಟುವರು. ಎರಡೂ ಕಡೆ ಮಾನ ಸಿಕ್ಕುತ್ತಿದ್ದುದರಿಂದ ನಾನು ಯಾರ ತಪ್ಪನ್ನೂ ತಿದ್ದಲು ಹೋಗಲಿಲ್ಲ.

ಒಂದು ಸಂಜೆ ಕೋಟೆಯ ಹತ್ತಿರ ಒಬ್ಬ ಮುದುಕ ಜ್ವರ ಬಂದ ಮೊಮ್ಮಗುವನ್ನು ಹೆಗಲಿಗೆ ಹಾಕಿಕೊಂಡು ನನ್ನನ್ನು ತಡೆದ. “ಮೌಲಾನಾ, ಬಚ್ಚೇ ಪೋ ದಮ್ ಕರೋ.” ಮಂತ್ರ ಹೇಳಿ ಮಗುವಿನ ಮೇಲೆ ಊದು ಎಂದು ಅರ್ಥ. ನಾನು ಮೌಲಾನಾ ಅಲ್ಲ ಎನ್ನಬೇಕಿತ್ತು. ಆದರೆ ಆ ಮಗು ಕಣ್ಣು ತೆರೆದು ನನ್ನ ಗಡ್ಡ ಹಿಡಿದುಕೊಂಡಿತು, ಕೈ ಸುಡುತ್ತಿತ್ತು. ಮನೆಯಲ್ಲಿ ಹುಟ್ಟಬೇಕಾದ ಕೂಸು ನೆನಪಾಯಿತು. ಕಣ್ಣು ಮುಚ್ಚಿ, ತುಟಿಯೊಳಗೆ ‘ಓಂ ನಮಃ ಶಿವಾಯ’ ಎಂದು ಮಗುವಿನ ನೆತ್ತಿಗೆ ಊದಿದೆ. ನಾಲ್ಕಾರು ದಿನಕ್ಕೆ ಆ ಮುದುಕ ಸಕ್ಕರೆ ಪೊಟ್ಟಣ ಹಿಡಿದು ನೇರ ಕಚೇರಿಗೇ ಬಂದುಬಿಟ್ಟ! “ಇಲ್ಲಿ ಒಬ್ಬರು ಮೌಲಾನಾ ಇದ್ದಾರಲ್ಲ, ಎಲ್ಲಿ?” ಎಂದು ಎಲ್ಲರನ್ನೂ ಕೇಳುತ್ತ. ಮಗುವಿಗೆ ಗುಣವಾಗಿತ್ತು. ಸಕ್ಕರೆ ಕಚೇರಿಯಲ್ಲಿ ಎಲ್ಲರ ಬಾಯಿಗೂ ಬಿತ್ತು, ಸುದ್ದಿ ಎಲ್ಲರ ಕಿವಿಗೂ ಬಿತ್ತು.

ಅಷ್ಟರಲ್ಲಿ ಚಂದಮ್ಮನನ್ನು ಬಾಣಂತನಕ್ಕೆ ತವರಿಗೆ ಕಳಿಸಿದ್ದೆವು. ಶುಕ್ರವಾರ ಬಂತೆಂದರೆ ಸ್ಟೇಶನ್ ಬಜಾರದಿಂದ ಸರ್ವೀಸ್ ಮೋಟಾರು ಹತ್ತಿ ಕಮಲಾಪುರಕ್ಕೆ ಓಡುತ್ತಿದ್ದೆ. ಹೋದ ಕೂಡಲೇ ಅವಳು ಮಾಡುವ ಮೊದಲ ಕೆಲಸ, ಒಂದು ಕಿವಿಯಿಂದ ಇನ್ನೊಂದು ಕಿವಿಯ ತನಕ ನನ್ನ ಗಡ್ಡದ ಮೇಲೆ ಕೈಯಾಡಿಸುವುದು. ಆಮೇಲೆ “ಅದ”, ಅಂದರೆ ಇದೆ, ಎಂದು ಉಸಿರು ಬಿಡುವಳು. ಅವಳಿಗೆ ನಾನು ಬಂದದ್ದಕ್ಕಿಂತ ಗಡ್ಡ ಬಂದದ್ದು ಹೆಚ್ಚು ಸಂತೋಷ ಎಂದು ಚೇಷ್ಟೆ ಮಾಡುತ್ತಿದ್ದೆ. ಅವಳು ನಗುತ್ತಿರಲಿಲ್ಲ.

ದಿನ ತುಂಬುತ್ತ ಬಂದ ಹೊತ್ತಿಗೆ ಬಿತ್ತು ನೋಡಿ ಸಿಡಿಲು. ಒಂದು ಸಂಜೆ ಕಚೇರಿಯ ಚಪರಾಸಿ ಲಾಲೂಸಾಬ ನನ್ನ ಹತ್ತಿರ ಬಂದು ದನಿ ತಗ್ಗಿಸಿ, “ಸಾಹೇಬ್ ಕಾ ಹುಕುಂ ಹೈ. ಕಲ್ ಸಫಾಯಿ ಪೇಶ್ ಕರ್ನಾ ಬೋಲೆ. ನೈತೋ ನೌಕ್ರಿ ಗಯೀ ಸಮ್ಜೋ” ಅಂದ. ನಾಳೆ ಸಫಾಯಿ ಪೇಶ್ ಮಾಡಬೇಕು, ಇಲ್ಲದಿದ್ದರೆ ನೌಕರಿ ಹೋಯಿತು ಎಂದು ತಿಳಿ!

ಸಫಾಯಿ! ನಮ್ಮ ಕಡೆ ಸಫಾಯಿ ಅಂದರೆ ಇನ್ನೇನು? ಅಂಗಳ ಸಫಾ ಮಾಡು, ಪಾತ್ರೆ ಸಫಾ ಮಾಡು. ಸಫಾಯಿ ಪೇಶ್ ಮಾಡು ಅಂದರೆ ಸಫಾ ಆಗಿ ಬಂದು ಮುಂದೆ ನಿಲ್ಲು. ಇಷ್ಟು ದಿನ ನೋಡಿ ನೋಡಿ ಬಿಟ್ಟಿದ್ದ ಸಾಹೇಬರು ಕೊನೆಗೂ ನನ್ನ ಗದ್ದಕ್ಕೆ ಬಂದರು! ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಆದರೆ ಮುತ್ತಿನ ಅಕ್ಷರದ ನಕಲುನವೀಸ, ಒಂದು ಮಾತಿನ ಅರ್ಥ ಕೇಳಿ ಮರ್ಯಾದೆ ಕಳೆದುಕೊಳ್ಳುವುದೇ?

ಊರಿಗೆ ನಡೆದು ಹೋಗುವ ದಾರಿಯುದ್ದಕ್ಕೂ ಅದನ್ನೇ ಲೆಕ್ಕ ಹಾಕಿದೆ. ಗಡ್ಡ ಉಳಿಸಿದರೆ ನೌಕರಿ ಹೋಗುತ್ತದೆ, ಹುಟ್ಟುವ ಕೂಸಿಗೆ ಏನು ತಿನ್ನಿಸಲಿ? ಗಡ್ಡ ತೆಗೆದರೆ ನೌಕರಿ ಉಳಿಯುತ್ತದೆ. ಆದರೆ ಕೂಸು? ಆ ಎರಡನೆಯ ಯೋಚನೆಯನ್ನು ಮನಸ್ಸು ಕೊನೆಯ ತನಕ ಯೋಚಿಸಲು ಒಪ್ಪಲಿಲ್ಲ. ಹಿರಿಯರ ಮಾತೆಲ್ಲ ಮೂಢನಂಬಿಕೆ ಎಂದು ಒಂದು ಸಲ, ಮೂಢನೇ ನಾನು ಎಂದು ಒಂದು ಸಲ. ಅವ್ವನಿಗೆ ಹೇಳುವ ಧೈರ್ಯವಾಗಲಿಲ್ಲ. ಊಟ ಬಿಟ್ಟು ಮಲಗಿದೆ.

ಬೆಳಿಗ್ಗೆ ಊರ ಹಡಪದನ ಕಣ್ಣಿಗೆ ಬೀಳದೆ ಸ್ಟೇಶನ್ ಬಜಾರಕ್ಕೆ ಹೋದೆ. ಅಲ್ಲಿ ಬೇವಿನ ಮರದ ನೆರಳಲ್ಲಿ ಹಡಪದರು ಸಾಲಾಗಿ ಕೂತಿರುತ್ತಿದ್ದರು, ಗುರುತಿನವರು ಯಾರೂ ಇಲ್ಲ. ಒಬ್ಬ ನಗುಮುಖದವನ ಮುಂದೆ ಕಣ್ಣು ಮುಚ್ಚಿ ಕೂತೆ. ಮಲ್ಲಣ್ಣ ಎಂದು ಅವನ ಹೆಸರು. ಬಲಗಡೆ ಕತ್ತರಿ ಆಡಿತು, ನೀರು ತಟ್ಟಿದ, ಸಾಬೂನು ತಿಕ್ಕಿದ, ಬಲಗೆನ್ನೆಯ ಮೇಲೆ ಕತ್ತಿ ಸರ್ ಅಂತು. ನನ್ನ ಎದೆಯೂ ಸರ್ ಅಂತು. ಹಡಪದರ ಕೈ ಆಡುವಾಗ ಬಾಯಿ ಸುಮ್ಮನಿರುತ್ತದೆಯೇ?

“ಮಕ್ಕಳೆಷ್ಟ್ರಿ ಸಾಹೇಬರಽ?”

“ಇನ್ನೂ ಇಲ್ಲ. ಈಗ ಹೆಂಡ್ತಿಗಿ ದಿನಾ ತುಂಬ್ಯಾವ.”

ಕತ್ತಿ ಗದ್ದದ ನಡುವೆ ಗಕ್ಕನೆ ನಿಂತಿತು. “ಏನಂದ್ರಿ?”

“ಬಸುರಿ ಅದಾಳ. ತವರಮನ್ಯಾಗ.”

“ಶಿವ ಶಿವಾ!” ಮಲ್ಲಣ್ಣ ಕತ್ತಿಯನ್ನು ಹಾವು ಎಸೆದ ಹಾಗೆ ಪೆಟ್ಟಿಗೆಗೆ ಎಸೆದ. “ಮೊದಲಽ ಹೇಳಬಾರದೇನ್ರಿ? ಬಸುರಿ ಗಂಡನ ಗಡ್ಡಕ್ಕ ಕತ್ತಿ ಹಚ್ಚೂ ಕೈಯೇನ್ರಿ ಇದು? ನನ್ನ ಮನ್ಯಾಗ ಸೊಸಿನೂ ಬಸುರಿ ಅದಾಳ!”

“ಅರ್ಧ ಆಗೇ ಹೋಗ್ಯಾದಲ್ಲೋ ಮಲ್ಲಣ್ಣ, ಇನ್ನರ್ಧ ತಗದುಬಿಡು. ಕಚೇರಿಗಿ ಹೊತ್ತಾಗ್ತದ.”

“ಆ ಅರ್ಧ ಗೊತ್ತಿಲ್ದ ಆಯ್ತು. ಈ ಅರ್ಧ ಗೊತ್ತಿದ್ದೂ ಮಾಡ್ಲೇನ್ರಿ? ನನ್ನಿಂದ ಆಗಾಂಗಿಲ್ಲ. ನಿಮ್ಮ ದುಡ್ಡೂ ಬ್ಯಾಡ.” ಅವನು ಪೆಟ್ಟಿಗೆ ಕಂಕುಳಲ್ಲಿ ಇಟ್ಟುಕೊಂಡು ಎದ್ದೇ ಹೋದ. ಸಾಲಿನಲ್ಲಿದ್ದ ಉಳಿದವರು ಈ ಗದ್ದಲ ಕೇಳಿದ್ದರಲ್ಲ, ನಾನು ಕಣ್ಣೆತ್ತಿ ನೋಡಿದ ಕೂಡಲೇ ಒಬ್ಬೊಬ್ಬರಾಗಿ ಕತ್ತಿ ಒರೆಸಿ ಒಳಗಿಟ್ಟರು. ಒಬ್ಬ ತನ್ನ ಕನ್ನಡಿಯನ್ನು ನನ್ನ ಕಡೆಗೆ ತಿರುಗಿಸಿದ, ಪಾಪ, ನೋಡಿಕೊಳ್ಳಲಿ ಎಂದು. ನೋಡಿಕೊಂಡೆ. ಬಲಗಡೆ ಗುಲ್ಬರ್ಗಾದ ನಕಲುನವೀಸ, ಎಡಗಡೆ ಯಾವುದೋ ಮಠದ ಸ್ವಾಮಿ!

ಕಚೇರಿಯ ಗಂಟೆ ಹೊಡೆಯುವ ಹೊತ್ತಾಗಿತ್ತು. ಏನಾದರಾಗಲಿ ಎಂದು ಓಡಿದೆ. ಎಡಗೆನ್ನೆಯನ್ನು ರುಮಾಲಿನ ಸೆರಗಿನಿಂದ ಮರೆಮಾಡಿ ಒಳಗೆ ನುಸುಳಿದರೆ ಲಾಲೂಸಾಬ ನೇರ ಸಾಹೇಬರ ಮುಂದೆ ನಿಲ್ಲಿಸಿಬಿಟ್ಟ. ಸಾಹೇಬರು ಬಾಯಿಗೆ ಆಗತಾನೇ ಪಾನು ಹಾಕಿಕೊಂಡಿದ್ದರು. “ಸಫಾಯಿ?” ಎಂದು ಒಂದೇ ಮಾತು ಕೇಳಿದರು. ನಾನು ಸೆರಗು ತೆಗೆದೆ.

ಸಾಹೇಬರು ಬಲಗಡೆ ನೋಡಿದರು. ಎಡಗಡೆ ನೋಡಿದರು. “ಯೇ ಕ್ಯಾ ಹೈ?”

“ಸಫಾಯಿ, ಹುಜೂರ್.”

“ಆಧೀ?”

“ಜೀ ಹುಜೂರ್, ಆಧೀ. ಬಾಕೀ ಕಾ ಹಜಾಮ್ ನೈ ಕರ್ತುಂ ಬೋಲ್ಯಾ.” ಅರ್ಧವೇ ಆಗಿದೆ, ಉಳಿದದ್ದಕ್ಕೆ ಹಡಪದ ಒಲ್ಲೆನೆಂದ ಎಂದು ನಾನು ನಡುಗುತ್ತ ಅರಿಕೆ ಮಾಡಿಕೊಂಡೆ.

ಲಾಲೂಸಾಬ ಮೊದಲು ಕಿಸಕ್ಕೆಂದ. ಆಮೇಲೆ ನಮ್ಮ ಸಾಹೇಬರು, ಶೇರವಾನಿಯ ತೋಳಿಗೆ ಒಂದು ನೆರಿಗೆ ಬೀಳದಂತೆ ಕೂಡುವ ಸಾಹೇಬರು, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಪಾನಿನ ರಸ ಮೀಸೆ ದಾಟಿ ಹಾಲಿನಂಥ ಶೇರವಾನಿಯ ಮೇಲೆ ಕೆಂಪಗೆ ಹರಿಯಿತು. ಅವರು ಒರೆಸಿಕೊಳ್ಳಲೂ ಇಲ್ಲ! ಆಗ ಗೊತ್ತಾಯಿತು, ಉರ್ದು ಕಚೇರಿಯಲ್ಲಿ ಸಫಾಯಿ ಅಂದರೆ ಆರೋಪ ಬಂದವನು ಕೊಡುವ ಸಮಜಾಯಿಷಿ. ನಿಮ್ಮ ನಕಲುನವೀಸ ಮೌಲಾನಾ ವೇಷ ಹಾಕಿ ಜನರ ಮೇಲೆ ಮಂತ್ರ ಊದುತ್ತಾನೆ ಎಂದು ಯಾರೋ ಚಾಡಿ ಹೇಳಿದ್ದರು. ಈ ಗಡ್ಡ ಯಾಕೆ ಬಿಟ್ಟೆ, ಹೇಳು ಎಂಬುದಷ್ಟೇ ಹುಕುಂ. ನನ್ನ ಪರವಾಗಿ ಸಾಕ್ಷಿ ಹೇಳಬೇಕಾಗಿದ್ದ ಗಡ್ಡವನ್ನೇ ನಾನು ಅರ್ಧ ಬೋಳಿಸಿಕೊಂಡು ಬಂದಿದ್ದೆ.

ಗಡ್ಡದ ಕಾರಣವನ್ನೆಲ್ಲ ತೊದಲುತ್ತ ಹೇಳಿದೆ. ಎರಡು ಸಲ ಹೊಟ್ಟೆ ನಿಲ್ಲದ ಮಾತು ಬಂದಾಗ ಸಾಹೇಬರ ನಗು ಇಳಿಯಿತು.

“ದಮ್ ಮೇಂ ಕ್ಯಾ ಪಢಾ?” ಊದುವಾಗ ಏನು ಓದಿದೆ ಎಂದು ಕೇಳಿದರು.

“ಓಂ ನಮಃ ಶಿವಾಯ, ಹುಜೂರ್.”

“ಬಚ್ಚಾ ಅಚ್ಛಾ ಹುವಾ?”

“ಹುವಾ ಹುಜೂರ್. ಶಕ್ಕರ್ ಲಾಕೇ ದಿಯಾ.”

“ತೋ ಫಿರ್ ಶಿಕಾಯತ್ ಕಿಸ್ ಬಾತ್ ಕೀ!” ಮಗುವಿಗೆ ಗುಣವಾದ ಮೇಲೆ ದೂರು ಯಾವುದರ ಮೇಲೆ ಎಂದು ಸಾಹೇಬರು ಕೈ ಝಾಡಿಸಿದರು. ಆದರೆ ಅವರು ಅವರೇ ತಾನೆ? ನನ್ನ ಗದ್ದದ ಕಡೆ ಬೆರಳು ಮಾಡಿ, ಇಂಥ ಅರ್ಧ ಮುಖ ನನ್ನ ಕಚೇರಿಯಲ್ಲಿ ಕೂಡುವಂತಿಲ್ಲ, ಒಂದೋ ಗಡ್ಡ ಪೂರಾ ಬರಲಿ, ಇಲ್ಲವೇ ಕೂಸು ಬರಲಿ, ಅಲ್ಲಿಯ ತನಕ ರಜೆ, ಈಗಲೇ ಹೊರಡು ಅಂದರು. ಹೊರಡುವ ಮುನ್ನ ತಮ್ಮ ಅತ್ತರಿನ ದೊಡ್ಡ ದಸ್ತಿಯನ್ನು, ಅದೇ ಕರವಸ್ತ್ರವನ್ನು, ತೆಗೆದುಕೊಟ್ಟು, ಮುಖಕ್ಕೆ ಕಟ್ಟಿಕೊ, ರಸ್ತೆಯಲ್ಲಿ ಸರಕಾರದ ಮಾನ ಹೋದೀತು ಅಂದರು.

ನೌಕರಿ ಉಳಿದ ಖುಷಿಗೆ ಕಮಲಾಪುರದ ಮೋಟಾರಿನ ತನಕ ನಾನು ನೆಲ ಮುಟ್ಟಲಿಲ್ಲ. ಮೋಟಾರು ಹೊರಟ ಮೇಲೆ ಬೇರೆ ಭಯ ಶುರುವಾಯಿತು. ಚಂದಮ್ಮನಿಗೆ ಈ ಮುಖ ಹೇಗೆ ತೋರಿಸಲಿ? ಅವಳು ನಂಬಿದ್ದು ಈ ಗಡ್ಡ ಒಂದನ್ನೇ. ನಾನು ಚಿಂತೆಯಲ್ಲಿದ್ದರೆ ಪಕ್ಕದಲ್ಲಿ ಕೂತ ಒಬ್ಬ ಅಜ್ಜಿ ನನ್ನ ಕಟ್ಟು ನೋಡಿ, “ಹಲ್ಲ ಬ್ಯಾನ್ಯೇನೋ ಯಪ್ಪಾ?” ಅಂದಳು. ಹೌದೆಂದೆ. ಅಷ್ಟೇ ಸಾಕು! ಅವಳ ಸಂಚಿಯಿಂದ ಲವಂಗ ಹೊರಬಂತು. ಹಿಂದೆ ಕೂತವರು ಯಾರೋ ದಾರ ಕಟ್ಟಿ ಕೀಳೋಣ ಅಂದರು. ಇನ್ನೊಬ್ಬರು ಬಾಯಿ ತೆಗೆಸಿ ನೋಡಲು ಎದ್ದೇ ಬಂದರು. ಕಟ್ಟು ಬಿಚ್ಚಿಸಿಕೊಳ್ಳದಿರುವ ಸಲುವಾಗಿ ಅಜ್ಜಿ ಕೊಟ್ಟ ಲವಂಗವನ್ನೆಲ್ಲ ಜಗಿದೆ. ಮಧ್ಯಾಹ್ನ ಕಮಲಾಪುರದಲ್ಲಿ ಇಳಿಯುವಾಗ ನಾಲಿಗೆ ಮರದ ತುಂಡಾಗಿತ್ತು.

“ಅಳಿಯಂದ್ರು ಬಂದ್ರು! ಜುಮ್ಮಾ ಅಲ್ಲ ಏನಲ್ಲ, ಇವತ್ಯಾಕ?” ಎಂದು ಅತ್ತೆ ಗಾಬರಿಯಾಗಿ ನೀರಿನ ತಂಬಿಗೆ ತಂದಿಟ್ಟರು. ನಾನು ಕಾಲಿಗೆ ನೀರು ಹಾಕಿಕೊಂಡು ನೇರ ಒಳಗೆ ಹೋದೆ. ಚಂದಮ್ಮ ಕೌದಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಮುಖ ಬಾಡಿತ್ತು. ನನ್ನನ್ನು ನೋಡಿ ಅರಳಿತು. ನಾನು ಹತ್ತಿರ ಕೂತೆ. ಅವಳ ಕೈ ತಾನಾಗಿ ನನ್ನ ಕಿವಿಯ ಕಡೆಗೆ ಬಂತು, ದಸ್ತಿಯ ಗಂಟು ಬಿಚ್ಚಿತು, ಎಡಗಿವಿಯಿಂದ ಕೆಳಗಿಳಿಯಿತು, ಗದ್ದದ ನಡುವೆ ಬಂದು ಜಾರಿ ನುಣ್ಣಗಿನ ಕೆನ್ನೆಯ ಮೇಲೆ ಬಿತ್ತು. ಅಲ್ಲಿಯೇ ನಿಂತಿತು.

“ಇದೇನ್ರಿ?” ಅವಳ ದನಿ ಕೇಳಿಸಲೇ ಇಲ್ಲ ಅನ್ನುವಷ್ಟು ಸಣ್ಣದಾಗಿತ್ತು. ಕಣ್ಣು ತುಂಬಿ ಬಂದವು. “ಏನ್ ಮಾಡಿಕೊಂಡ್ರಿ ಇದು?”

ಆ ಗಳಿಗೆಯಲ್ಲಿ ನೌಕರಿ, ಸಾಹೇಬ, ಶೇರವಾನಿ ಎಲ್ಲವನ್ನೂ ಕೊಂಡೊಯ್ದು ಬಾವಿಗೆ ಹಾಕಬೇಕು ಅನ್ನಿಸಿತು. ಮರಗಟ್ಟಿದ ನಾಲಿಗೆಯಿಂದಲೇ ಹೇಳತೊಡಗಿದೆ. ಸಫಾಯಿ ಎನ್ನಲು ಹೋದರೆ ‘ಥಫಾಯಿ’ ಎಂದಾಯಿತು. ಅವಳ ಹುಬ್ಬು ಗಂಟಿಕ್ಕಿತು. ಮಲ್ಲಣ್ಣ ಕತ್ತಿ ಎಸೆದದ್ದು ಹೇಳಿದೆ, ಸೆರಗಿನ ಅಂಚನ್ನು ಕಚ್ಚಿಕೊಂಡಳು. ಸಾಹೇಬರು ಆಚೆ ಕೆನ್ನೆ ಈಚೆ ಕೆನ್ನೆ ನೋಡಿ “ಆಧೀ?” ಅಂದದ್ದು ಹೇಳಿದೆ. ಅವಳು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿಸಿದಳು. ತಡೆಯಲಾಗಲಿಲ್ಲ ಅವಳಿಗೆ. ಫಕ್ಕನೆ ನಕ್ಕಳು. ಎರಡು ವರ್ಷದಲ್ಲಿ ನಾನು ಕೇಳದಿದ್ದ ನಗು ಅದು! ಗೋಡೆಗೆ ತಲೆಯಿಟ್ಟು, ಹೊಟ್ಟೆಯ ಮೇಲೆ ಕೈಯಿಟ್ಟು, ಕಣ್ಣೀರು ಸುರಿಸುತ್ತ ನಕ್ಕಳು. ಅತ್ತೆ ಓಡಿ ಬಂದು, “ಏ ಚಂದೀ, ಹಂಗ ನಗಬ್ಯಾಡೇ, ದಿನಾ ತುಂಬ್ಯಾವ!” ಎಂದು ಬೈಯುತ್ತಿದ್ದಂತೆ ಚಂದಮ್ಮ ನಗುವಿನ ನಡುವೆಯೇ “ಯವ್ವಾ” ಎಂದು ನನ್ನ ಕೈ ಬಿಗಿಯಾಗಿ ಹಿಡಿದಳು. ಅದು ನಗುವಿನ ಹಿಡಿತವಾಗಿರಲಿಲ್ಲ.

ನನ್ನನ್ನು ಹೊರಗೆ ಹಾಕಿದರು. ಸೂಲಗಿತ್ತಿ ಬಂದಳು, ಬಾಗಿಲು ಮುಚ್ಚಿತು. ನಾನು ಕಟ್ಟೆಯ ಮೇಲೆ ಕೂತೆ, ಎದ್ದೆ, ಅಂಗಳದಲ್ಲಿ ತಿರುಗಿದೆ, ಮತ್ತೆ ಕೂತೆ. ಒಳಗಿನಿಂದ ಅವಳ ನರಳಾಟ ಕೇಳಿದಾಗಲೆಲ್ಲ ನನ್ನ ಕೈ ಬೋಳು ಕೆನ್ನೆಗೆ ಹೋಗುತ್ತಿತ್ತು. ಅರ್ಧ ಗಡ್ಡ ಉಳಿಸಿದವನಿಗೆ ದೇವರು ಏನು ಕೊಡುತ್ತಾನೆ? ಮೂಢನಂಬಿಕೆ ಎಂದು ಹಾರಿಸಿಬಿಡುವ ಶಕ್ತಿ ಆಗ ನನ್ನಲ್ಲಿ ಎಳ್ಳಷ್ಟೂ ಇರಲಿಲ್ಲ. ‘ತಪ್ಪು ನನ್ನದು, ಅವಳದಲ್ಲ, ಆ ಕೂಸಿನದಂತೂ ಅಲ್ಲವೇ ಅಲ್ಲ’ ಎಂದು ಶಿವನ ಮುಂದೆ ವಕೀಲಿ ಮಾಡುತ್ತಿದ್ದೆ. ನನ್ನ ಬದುಕಿನಲ್ಲಿ ನಾನು ಸರಿಯಾಗಿ ಕೊಟ್ಟ ಸಫಾಯಿ ಅದೊಂದೇ.

ದೀಪ ಹಚ್ಚುವ ಹೊತ್ತಿಗೆ ಒಳಗೆ ಎಲ್ಲ ಸದ್ದೂ ನಿಂತಿತು. ಅಂಗಳದಲ್ಲಿ ತಿರುಗುತ್ತಿದ್ದ ನಾನೂ ನಿಂತೆ. ಆಮೇಲೆ ಕೇಳಿತು ನೋಡಿ! ಸಣ್ಣ ಗಂಟಲು, ಆದರೆ ಎಂಥ ಕೂಗು, ಇಡೀ ಕಮಲಾಪುರವನ್ನೇ ಗದರಿಸುವ ಕೂಗು! ಬಾಗಿಲು ತೆರೆಯಿತು. “ಹೆಣ್ಣು ಹುಟ್ಯಾದ್ರಿ, ಗಟ್ಟಿಮುಟ್ಟ ಅದ” ಎಂದು ಸೂಲಗಿತ್ತಿ ನಗುತ್ತ ಹೇಳಿದಳು. ನಾನು ಹೊಸ್ತಿಲಲ್ಲಿ ನಿಂತು ಇಣುಕಿದೆ. ಬೆವರಿನಲ್ಲಿ ತೊಯ್ದ ಚಂದಮ್ಮ, ಅವಳ ಪಕ್ಕದಲ್ಲಿ ಅರಿವೆಯಲ್ಲಿ ಸುತ್ತಿದ ಕೆಂಪು ಮುಖ, ಕಣ್ಣು ಬಿಟ್ಟುಕೊಂಡು ನನ್ನ ಕಡೆಗೇ ನೋಡುತ್ತಿದೆ.

ಚಂದಮ್ಮ ಕೂಸನ್ನು ನೋಡಿದಳು, ನನ್ನನ್ನು ನೋಡಿದಳು. ದಣಿದ ದನಿಯಲ್ಲಿ ಹೇಳಿದಳು, “ಇನ್ನರೆ ಆ ಅರ್ಧಾನೂ ತಗಸಿಕೊಂಡು ಬರ್ರಿ. ಕೂಸು ಅಂಜತದ.”

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ಜೋರಾಗಿ ಅತ್ತುಬಿಟ್ಟೆ.